ಕೇಳದೆ ಹೋಗಬಾರದು

ನನ್ನ ಗಂಡ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆ ಮಾತಿಗೆ ಜಾಗ ಸಿಗುವುದು ಕಷ್ಟ. ಮಗಳ ಈಜು ನಿಂತುಹೋದದ್ದು ಅವರ ಒಳ್ಳೆಯತನದಿಂದಲೇ. ಕೆಟ್ಟವರಾಗಿದ್ದರೆ ಬಾಯಿಗೆ ಬಂದ ಹಾಗೆ ಬೈದು ಹಗುರಾಗುತ್ತಿದ್ದೆ. ಈಗ ಅದೂ ಇಲ್ಲ.

ನಾವಿರುವುದು ಮಸ್ಕತ್ತಿನಲ್ಲಿ, ಖುರುಮ್‌ನ ಹತ್ತಿರ. ನನ್ನ ಮನೆಮಾತು ಕೊಂಕಣಿ, ಅವರದು ತುಳು. ಯಾರು ಯಾರ ಭಾಷೆ ಕಲಿಯಬೇಕು ಎಂದು ಮದುವೆಯಾದ ಹೊಸತರಲ್ಲಿ ಶುರುವಾದ ಹಟ ಇನ್ನೂ ತೀರ್ಮಾನವಾಗಿಲ್ಲ, ಹಾಗಾಗಿ ಮನೆಯಲ್ಲಿ ಕನ್ನಡ. ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಅವರು ಟೈಲ್ಸ್ ತರಿಸಿ ಮಾರುವ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುತ್ತಾರೆ. ಒಬ್ಬಳೇ ಮಗಳು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಇಲ್ಲಿ ಬೆಳೆದ ಎಲ್ಲ ಮಕ್ಕಳ ಹಾಗೆ.

ಚಿಕ್ಕವಳಿದ್ದಾಗ ಅವಳಿಗೆ ಉಬ್ಬಸ. ಈಜು ಕಲಿಸಿ ಎಂದು ಡಾಕ್ಟರು ಹೇಳಿದರು. ಒಂದು ಹೋಟೆಲಿನ ಕೊಳದಲ್ಲಿ ಶಾಲೆಯ ಮಕ್ಕಳಿಗೆ ಬೆಳಗಿನ ಹೊತ್ತು ಜಾಗ ಕೊಡುತ್ತಿದ್ದರು. ಜೂನ್ ತಿಂಗಳಲ್ಲಿ ಆ ನೀರು ಹಂಡೆಯ ನೀರಿನಷ್ಟು ಬಿಸಿ. ಉಳಿದ ಮಕ್ಕಳು ಮುಖ ಕೆಂಪಾಗಿಸಿಕೊಂಡು ಮೇಲೆ ಬಂದು ಜ್ಯೂಸ್ ಕೇಳುತ್ತಿದ್ದರೆ, ಇವಳು ತಿರುಗಿ ಮತ್ತೊಂದು ಸುತ್ತು ಹೊರಡುತ್ತಿದ್ದಳು. ಉಬ್ಬಸ ಹೋಯಿತು, ಈಜು ಉಳಿಯಿತು. ನೀರಿನಿಂದ ಹೊರಗೆ ಇವಳು ಸಂಕೋಚದ ಹುಡುಗಿ. ನೀರಿಗೆ ಇಳಿದರೆ ಬೇರೆಯೇ. ಅದನ್ನು ನೋಡುವುದಕ್ಕೆಂದೇ ನಾನು ಡ್ಯೂಟಿ ಬದಲಿಸಿಕೊಂಡು ಕೊಳದ ಬದಿಯಲ್ಲಿ ಕೂರುತ್ತಿದ್ದೆ.

ಈಜಿನ ಮೇಲೆಯೇ ಅಮೆರಿಕದ ಒಂದು ಸಣ್ಣ ಕಾಲೇಜು ಅವಳಿಗೆ ಸ್ಕಾಲರ್‌ಶಿಪ್ ಕೊಟ್ಟಿತು. ಒಂದು ವರ್ಷಕ್ಕೆ ಆ ಕಾಲೇಜು ಕೊಳವನ್ನೇ ಮುಚ್ಚಿತು. ಅವಳು ಇನ್ನೊಂದು ದೊಡ್ಡ ಕಾಲೇಜಿಗೆ ಹೋದಳು. ಅಲ್ಲಿ ಒಬ್ಬ ಕೋಚ್, ವಯಸ್ಸಾದವನು, ಇವಳನ್ನು ಮಗಳ ಹಾಗೆ ನೋಡಿಕೊಳ್ಳುತ್ತಾನೆ ಎಂದು ನಾವು ನಂಬಿದ್ದೆವು. ಇವಳೂ ನಂಬಿದ್ದಳು.

ಅಷ್ಟರಲ್ಲಿ ಅಲ್ಲಿಯ ಕಾನೂನು ಬದಲಾಗತೊಡಗಿತು. ಕಾಲೇಜುಗಳು ಆಟಗಾರರಿಗೆ ನೇರವಾಗಿ ಸಂಬಳ ಕೊಡಬಹುದು ಎಂದಾಯಿತು. ಒಳ್ಳೆಯದೇ ಅಂದುಕೊಂಡೆವು. ಆದರೆ ಆ ದುಡ್ಡು ಹೋಗುವುದು ಫುಟ್ಬಾಲ್ ಆಡುವ ಹುಡುಗರಿಗೆ. ಅದನ್ನು ಹೊಂದಿಸಲು ಈಜಿನಂಥ ತಂಡಗಳನ್ನು ಕತ್ತರಿಸತೊಡಗಿದರು. ತಂಡದಲ್ಲಿ ಇಷ್ಟೇ ಜನ ಇರಬೇಕು ಎಂಬ ಮಿತಿಯೂ ಬಂತು. ಇವಳ ಗೆಳತಿಯರು ಚಪ್ಪಲಿ ಅಂಗಡಿಗೋ ಶಾಂಪೂವಿಗೋ ಜಾಹೀರಾತು ಮಾಡಿ ಕೈಖರ್ಚಿಗೆ ಸಂಪಾದಿಸುತ್ತಿದ್ದರು. ಇವಳದು ವಿದ್ಯಾರ್ಥಿ ವೀಸಾ, ಸಂಪಾದಿಸಿದರೆ ವೀಸಾಕ್ಕೇ ಕುತ್ತು. ಹೀಗೆ, ಯಾವ ಹೊಸ ನಿಯಮದಿಂದಲೂ ಇವಳಿಗೆ ಒಂದು ಕಾಸೂ ಬರಲಿಲ್ಲ, ಕತ್ತರಿ ಮಾತ್ರ ತಲೆಯ ಮೇಲೆ ತೂಗಿತು.

ಅದೇ ಹೊತ್ತಿಗೆ ಮತ್ತೊಂದು ಕಾಲೇಜಿನ ಕಡೆಯಿಂದ ಗುಟ್ಟಾಗಿ ಸುದ್ದಿ ಬಂತು. ನಮ್ಮಲ್ಲಿಗೆ ಬಾ, ಉಳಿದ ಓದಿಗೆ ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತೇವೆ, ದೂರದ ಓಟದ ಹಾಗೆ ದೂರದ ಈಜು ಈಜುವವರು ನಮಗೆ ಬೇಕು ಎಂದು. ಅಲ್ಲಿಯ ಕ್ರಮ ಸುಲಭ. ಕಾಲೇಜು ಬದಲಿಸಬೇಕೆನ್ನುವವರು ನಿಗದಿಯಾದ ಕೆಲವು ವಾರಗಳಲ್ಲಿ ತಮ್ಮ ಹೆಸರನ್ನು ಒಂದು ಪಟ್ಟಿಗೆ ಸೇರಿಸುತ್ತಾರೆ. ಅದಕ್ಕೆ ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಕೋಚ್‌ಗೆ ಗೊತ್ತಾಗುವುದೂ ಆ ಪಟ್ಟಿಯಿಂದಲೇ. ಅದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲವಂತೆ.

ಮಗಳು ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ನನ್ನ ಗಂಡನ ಮುಖ ಸಣ್ಣದಾಯಿತು. "ಅಂದ್ರೆ ಅವರಿಗೆ ಹೇಳದೆ ಹೋಗುದಾ?" ಎಂದು ಕೇಳಿದರು.

ಅವರ ಆ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು. ಮೊದಲು ಅವರು ಇದೇ ದೇಶದ ಸುವೈಕ್ ಎಂಬ ಸಣ್ಣ ಊರಿನಲ್ಲಿ ಕಟ್ಟಡ ಸಾಮಾನಿನ ಅಂಗಡಿಯೊಂದರಲ್ಲಿದ್ದರು. ಆ ಕಾಲದಲ್ಲಿ ಇಲ್ಲಿ ಕೆಲಸ ಬದಲಿಸಬೇಕಾದರೆ ವೀಸಾ ಕೊಟ್ಟ ಧಣಿ, ನಾವು ಕಫೀಲ್ ಎನ್ನುತ್ತೇವೆ, 'ನನ್ನ ಆಕ್ಷೇಪ ಇಲ್ಲ' ಎಂದು ಬರೆದುಕೊಡಬೇಕಿತ್ತು. ಎಲ್ಲರ ಬಾಯಲ್ಲೂ ಅದು ಎನ್‌ಒಸಿ. ಅದು ಸಿಗದಿದ್ದರೆ ದೇಶ ಬಿಡಬೇಕು, ಎರಡು ವರ್ಷ ಹೊಸ ವೀಸಾ ಇಲ್ಲ. ಇವರು ಗುಟ್ಟಾಗಿ ಮಸ್ಕತ್ತಿಗೆ ಬಂದು ಇಂಟರ್‌ವ್ಯೂ ಕೊಟ್ಟರು. ಅದು ಮೂರನೆಯವರ ಬಾಯಿಂದ ಕಫೀಲ್‌ನ ಕಿವಿಗೆ ಬಿತ್ತು. ಅವನು ಗಲಾಟೆ ಮಾಡಲಿಲ್ಲವಂತೆ. "ನೀನೇ ಬಂದು ಕೇಳಿದ್ದರೆ ಕೊಡುತ್ತಿದ್ದೆ. ಖಲಾಸ್, ಊರಿಗೆ ಹೋಗು" ಎಂದನಂತೆ. ಎರಡು ವರ್ಷ ಇವರು ಮಂಗಳೂರಿನಲ್ಲಿ ಅಣ್ಣನ ಅಂಗಡಿಯ ಮೂಲೆಯಲ್ಲಿ ಕೂತರು. ಆಗ ಮಗಳು ಹಾಲು ಕುಡಿಯುವ ಕೂಸು. ಅತ್ತಿಗೆ ಊಟಕ್ಕೆ ಕರೆಯುವ ದನಿಯಲ್ಲೇ ನಮ್ಮ ಸ್ಥಿತಿ ನಮಗೆ ತಿಳಿಯುತ್ತಿತ್ತು.

ಹಿಂದೆ ಬಂದ ಮೇಲೆ ಅವರು ಪಾಠ ಕಲಿತರು. ಮುಂದಿನ ಸಲ ಕೆಲಸ ಬದಲಿಸಬೇಕಾದಾಗ ಶುಕ್ರವಾರದ ನಮಾಜು ಮುಗಿದ ಮೇಲೆ ಆಗಿನ ಧಣಿಯ ಮನೆಗೇ ಹೋದರು. ಬಂದವರನ್ನು ಕೂರಿಸುವ ಮಜ್ಲಿಸ್‌ನಲ್ಲಿ ನೆಲದ ಮೇಲೆ ಕೂತು, ಖರ್ಜೂರ ತಿಂದು, ಕಾಫಿ ಕುಡಿದು, ಮಕ್ಕಳು ಮರಿ ಕ್ಷೇಮ ವಿಚಾರಿಸಿ, ಕೊನೆಗೆ ವಿಷಯ ಎತ್ತಿದರು. ಧಣಿ ಅಲ್ಲೇ ಮಗನನ್ನು ಕರೆದು ಬರೆಸಿ ಸಹಿ ಹಾಕಿದ. ಎದುರಿಗೆ ಕೂತು ಮರ್ಯಾದೆಯಿಂದ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ ಎಂಬುದು ಅಂದಿನಿಂದ ಅವರ ಧರ್ಮ. ಕೆಲವು ವರ್ಷಗಳ ಹಿಂದೆ ಇಲ್ಲಿಯ ಸರ್ಕಾರ ಆ ಎನ್‌ಒಸಿಯನ್ನೇ ತೆಗೆದುಹಾಕಿತು. ಕರಾರು ಮುಗಿದರೆ ಸಾಕು, ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಇವರ ಆಫೀಸಿನ ಹುಡುಗರು ಎದುರಿನ ಕಂಪನಿಗೆ ಹೋಗಿ ಸೇರಿ, ಆಮೇಲೆ ವಾಟ್ಸಪ್‌ನಲ್ಲಿ ಬಾಯ್ ಹೇಳುತ್ತಾರೆ. ಇವರು ಮಾತ್ರ ಇನ್ನೂ ಆ ಸುವೈಕ್‌ನ ಕಾಲದಲ್ಲೇ ಇದ್ದಾರೆ.

ಮಗಳಿಗೆ ಅವರು ಹೇಳಿದರು: "ನೋಡು ಮಗಾ, ಆ ಮನುಷ್ಯ ನಿನಗೆ ಅನ್ನ ಹಾಕಿದವ. ಬೇರೆಯವರಿಂದ ಗೊತ್ತಾದ್ರೆ ಎಷ್ಟು ಬೇಜಾರಾಗ್ತದೆ. ಮೊದಲು ಒಂದು ಮಾತು ಕೇಳುವ."

"ಪಪ್ಪಾ, ನೋಬಡಿ ಡಸ್ ದಟ್," ಎಂದಳು ಅವಳು.

ನಾನು ಪಲ್ಯಕ್ಕೆ ಒಗ್ಗರಣೆ ಹಾಕುತ್ತಾ, "ಅವಳ ಕಾಲೇಜು, ಅವಳಿಗೆ ಗೊತ್ತುಂಟು, ನೀವು ನಡುವೆ ಬರಬೇಡಿ," ಎಂದೆ. ಅವರು ಹೂಂ ಎಂದರು. ನನ್ನ ಗಂಡನ ಹೂಂ ಎಂದರೆ ಕೇಳಿಸಿತು ಎಂದಷ್ಟೇ ಅರ್ಥ. ಇಷ್ಟು ವರ್ಷ ಸಂಸಾರ ಮಾಡಿಯೂ ಅಂದು ನಾನು ಅದನ್ನು ಮರೆತೆ.

ಅವರು ಕೋಚ್‌ಗೆ ಇಮೇಲ್ ಬರೆದರು. ಆಫೀಸಿನಲ್ಲಿ ಕೂತು, ಕಂಪನಿ ಬ್ಯಾಂಕಿಗೆ ಬರೆಯುವ ಇಂಗ್ಲಿಷಿನಲ್ಲಿ. ಮೊದಲು ಕೋಚ್‌ನ ಮನೆಯವರೆಲ್ಲರ ಕ್ಷೇಮ ವಿಚಾರಿಸಿದ್ದರು. ನಮ್ಮ ಮಗಳಿಗೆ ನೀವು ತಂದೆಯ ಸಮಾನ ಎಂದಿದ್ದರು. ಬೇರೆ ಕಡೆ ಅವಕಾಶವೊಂದು ಬಂದಿದೆ, ತಮ್ಮ ಮನಃಪೂರ್ವಕ ಒಪ್ಪಿಗೆ ಇದ್ದರೆ ಮಾತ್ರ ಅವಳು ಹೆಜ್ಜೆ ಇಡುತ್ತಾಳೆ, ತಾವು ಬೇಡವೆಂದರೆ ಅಲ್ಲೇ ಇರುತ್ತಾಳೆ ಎಂದು ಮುಗಿಸಿದ್ದರು. ಕಳಿಸಿದ ಮೇಲೆ ಸಂಜೆ ಮನೆಗೆ ಬಂದು ನನಗೆ ಓದಿ ಹೇಳಿದರು. ದೊಡ್ಡ ಕೆಲಸ ಮುಗಿಸಿದವರ ಹಾಗೆ ಅವರ ಮುಖ ಶಾಂತವಾಗಿತ್ತು.

ಕೋಚ್ ಒಳ್ಳೆಯ ಮಾತಿನಲ್ಲೇ ಉತ್ತರಿಸಿದ. ನಿಮ್ಮ ಪ್ರಾಮಾಣಿಕತೆಗೆ ವಂದನೆ, ಅವಳಿಗೆ ಒಳ್ಳೆಯದಾಗಲಿ ಎಂದು. ಇವರು ಅದನ್ನು ಎನ್‌ಒಸಿ ಎಂದುಕೊಂಡು ಸಂತೋಷಪಟ್ಟರು. ಅವನು ಇವರ ಪತ್ರವನ್ನು ರಾಜೀನಾಮೆ ಎಂದುಕೊಂಡಿದ್ದ. ತಂಡದಿಂದ ಕೆಲವರನ್ನು ಕೈಬಿಡಲೇಬೇಕಾಗಿದ್ದ ಅವನಿಗೆ, ತಾನಾಗಿಯೇ ಹೋಗುತ್ತೇನೆ ಎನ್ನುವವಳೊಬ್ಬಳು ಸಿಕ್ಕಿದಳು. ಮುಂದಿನ ವರ್ಷದ ಇವಳ ಜಾಗ ಇನ್ನೊಬ್ಬಳಿಗೆ ಹೋಯಿತು. ಇವಳು ಹೋಗಿ ಅತ್ತು ಕೇಳಿದರೂ ಅದು ಹಿಂದೆ ಬರಲಿಲ್ಲ. ಅವನಿಗೂ ಬೇಜಾರಿತ್ತಂತೆ.

ಆಗಲೂ ಒಂದು ಆಸೆ ಇತ್ತು, ಕರೆದ ಆ ಇನ್ನೊಂದು ಕಾಲೇಜು. ಇವಳು ಪಟ್ಟಿಗೆ ಹೆಸರು ಸೇರಿಸಿದಳು. ಅಷ್ಟು ಹೊತ್ತಿಗೆ ಅಲ್ಲಿಯ ಸರ್ಕಾರ, ಆಟಗಾರರು ಕಾಲೇಜಿನಿಂದ ಕಾಲೇಜಿಗೆ ಹಾರುವುದು ಅತಿಯಾಯಿತು, ಒಂದೇ ಸಲ ಬದಲಿಸಬೇಕು, ಎರಡನೆಯ ಸಲವಾದರೆ ಒಂದು ವರ್ಷ ಆಡದೆ ಕೂರಬೇಕು ಎಂದು ನಿಯಮ ಮಾಡಲು ಹೊರಟಿತು. ಅದು ಜಾರಿಗೆ ಬರುತ್ತದೆ ಎಂದರು, ಕೋರ್ಟು ತಡೆಯುತ್ತದೆ ಎಂದರು, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೊಳ ಮುಚ್ಚಿದ ಕಾಲೇಜನ್ನು ಬಿಟ್ಟು ಬಂದದ್ದೂ ಇವಳ ಲೆಕ್ಕಕ್ಕೇ ಸೇರುತ್ತದೋ ಎಂದು ಕೇಳಿದರೆ, ಅದಕ್ಕೂ ಉತ್ತರ ಇರಲಿಲ್ಲ. ಟಿವಿಯಲ್ಲಿ ಟೈ ಕಟ್ಟಿದವರು ಕೋಟಿಗಟ್ಟಲೆ ಸಂಪಾದಿಸುವ ಹುಡುಗರ ವಿಷಯ ಚರ್ಚಿಸುತ್ತಿದ್ದರು. ನಾನು ಮುಂಜಾನೆ ಎದ್ದು ಅದನ್ನೆಲ್ಲ ನೋಡುತ್ತಿದ್ದೆ. ನನ್ನ ಮಗಳಂಥವರು ಇದ್ದಾರೆಂದು ಯಾರಾದರೂ ಒಬ್ಬರು ಹೇಳಿಯಾರೇ ಎಂದು ಕಾಯುತ್ತಿದ್ದೆ. ಯಾರೂ ಹೇಳಲಿಲ್ಲ.

ಕೊನೆಗೆ ಕರೆದವರೇ ಬೇಡವೆಂದರು. ನಿಯಮ ಏನಾಗುತ್ತದೋ ತಿಳಿಯದು, ಒಂದು ವರ್ಷ ಈಜಲಾಗದವಳಿಗೆ ಸ್ಕಾಲರ್‌ಶಿಪ್ ಕೊಡಲು ಸಾಧ್ಯವಿಲ್ಲ, ಕ್ಷಮಿಸಿ. ಸ್ಕಾಲರ್‌ಶಿಪ್ ಇಲ್ಲದೆ ಅಲ್ಲಿಯ ಫೀಸು ನಮ್ಮಿಬ್ಬರ ಸಂಬಳಕ್ಕೆ ನಿಲುಕುವಂಥದ್ದಲ್ಲ. ಕಾಲೇಜಿನಲ್ಲಿ ಇಲ್ಲದಿದ್ದರೆ ವೀಸಾ ಇಲ್ಲ. ಓದು ಮುಗಿಯದೆ ಅವಳು ವಾಪಸು ಬಂದಳು. ವಿಮಾನ ನಿಲ್ದಾಣದಲ್ಲಿ ಇವರು ಅವಳ ಸೂಟ್‌ಕೇಸಿಗೆ ಕೈ ಹಾಕಿದಾಗ ಅವಳು ಬಿಡಲಿಲ್ಲ. ಕಾರಿನ ತನಕ ಇಬ್ಬರೂ ಅದನ್ನು ಹಿಡಿದುಕೊಂಡೇ ನಡೆದರು.

ಮನೆಯಲ್ಲಿ ಮೊದಲ ಕೆಲವು ದಿನ ಯಾರೂ ಆ ಮಾತು ಎತ್ತಲಿಲ್ಲ. ಕ್ಲಿನಿಕ್ಕಿನ ಡಾಕ್ಟರು ಇಲ್ಲೇ ಒಂದು ಹೋಟೆಲಿನಲ್ಲಿ ಮಕ್ಕಳಿಗೆ ಈಜು ಕಲಿಸುವವರು ಬೇಕಂತೆ ಎಂದಿದ್ದರು. ಅದನ್ನು ಊಟದ ಹೊತ್ತಿಗೆ ನಾನು ಹೇಳಿದೆ. ಅವಳು ಅನ್ನಕ್ಕೆ ಸಾರು ಬಡಿಸಿಕೊಂಡಳು. ಇವರು, "ಕೋಚ್‌ಗೆ ಇನ್ನೊಂದ್ಸಲ ಬರೆದು ಕೇಳ್ಲಾ?" ಎಂದರು.

ಅವಳು ಅಂದು ಕನ್ನಡದಲ್ಲಿ ಮಾತಾಡಿದಳು. ಜೋರಾಗಿ ಅಲ್ಲ. "ನೀವು ಕೇಳದಿದ್ರೆ ಕೋಚ್ ನನ್ನನ್ನು ಕೈಬಿಡ್ತಿರ್ಲಿಲ್ಲ ಪಪ್ಪಾ. ಅಲ್ಲಿ ಯಾರೂ ಕೇಳುದಿಲ್ಲ. ಹೋಗುದು, ಅಷ್ಟೇ."

"ಕೇಳದೆ ಹೇಗೆ ಹೋಗುದು ಮಗಾ," ಎಂದರು ಇವರು. ಅದು ವಾದವಾಗಿರಲಿಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದು. ಅವಳು ಎದ್ದು ಕೈ ತೊಳೆದು ಕೋಣೆಗೆ ಹೋದಳು.

ನನಗೆ ಇವರ ಮೇಲೆ ಸಿಟ್ಟು ಇಲ್ಲವೆಂದರೆ ಸುಳ್ಳು. ಬೆಂಕಿಯಂಥ ಸಿಟ್ಟು ಇದೆ. ಆದರೆ ಒಬ್ಬ ಮನುಷ್ಯನಿಗೆ ಒಂದು ದೇಶ ಬಗ್ಗಿ ಕೇಳುವುದನ್ನು ಕಲಿಸಿ, ಆಮೇಲೆ ಅದರ ಅಗತ್ಯವಿಲ್ಲವೆಂದು ಒಂದು ಆದೇಶದಲ್ಲಿ ಹೇಳಿಬಿಟ್ಟರೆ, ಬಗ್ಗಿದ ಬೆನ್ನು ಆದೇಶ ಓದಿ ನೆಟ್ಟಗಾಗುತ್ತದೆಯೇ? ಇನ್ನೊಂದು ದೇಶ ಇಪ್ಪತ್ತರ ಹುಡುಗಿಗೆ ಇಂದು ಹೋಗು ಎಂದು, ನಾಳೆ ಕೂರು ಎಂದಿತು. ಯಾರನ್ನು ಬೈಯಲಿ? ಅವಳಿಗಿನ್ನು ಆ ವಯಸ್ಸು, ಆ ಉಸಿರು, ಆ ತಂಡ ಹಿಂದೆ ಬರುವುದಿಲ್ಲ. ಏನೋ ಒಂದು ದಾರಿಯಾಗುತ್ತದೆ ಎಂದು ಎಲ್ಲರೂ ನನಗೆ ಹೇಳುತ್ತಾರೆ. ನನಗೆ ಯಾವ ದಾರಿಯೂ ಕಾಣುತ್ತಿಲ್ಲ.

ಕಳೆದ ಶುಕ್ರವಾರ ಮಧ್ಯಾಹ್ನ ಬಂಗುಡೆ ಹುರಿದಿದ್ದೆ, ಅವಳಿಗೆ ಇಷ್ಟವೆಂದು. ಕರೆದರೆ ಬರಲಿಲ್ಲ. ಇವರು ತಾವೇ ಕರೆಯುತ್ತೇನೆಂದು ಅವಳ ಕೋಣೆಯ ಬಾಗಿಲಿಗೆ ಹೋಗಿ ಮೆಲ್ಲಗೆ ಬೆರಳಿನಿಂದ ತಟ್ಟಿದರು. "ಒಳಗೆ ಬರಬಹುದಾ?" ಎಂದು ಕೇಳಿದರು. ಮತ್ತೊಮ್ಮೆ ಕೇಳಿದರು. ನಾನು ಮೀನು ಬಡಿಸಿ, ಅನ್ನ ಬಡಿಸಿ ನೋಡಿದರೆ ಇನ್ನೂ ಅಲ್ಲೇ ನಿಂತಿದ್ದಾರೆ.

"ಚಿಲಕ ಹಾಕ್ಲಿಲ್ಲ ಅವಳು. ದೂಡಿ ಹೋಗಿ," ಎಂದೆ.

ಅವರು ನನ್ನ ಕಡೆ ತಿರುಗಿದರು. ಕೈ ಬಾಗಿಲಿನ ಹಿಡಿಯಿಂದ ಒಂದು ಗೇಣು ದೂರದಲ್ಲಿತ್ತು.

"ಅವಳು ಹೂಂ ಅನ್ಲಿಲ್ಲ," ಎಂದರು.