ಸೀರೆ ಮೂಸುವ ಕೆಲಸ

ಬಿಬವೇವಾಡಿಯ ಆ ಗಲ್ಲಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಡ್ರೈಕ್ಲೀನಿಂಗ್ ಯಂತ್ರ ಗುಡುಗುಡು ಎನ್ನತೊಡಗುತ್ತದೆ. ಲಗ್ನದ ದಿನಗಳಲ್ಲಿ ಆ ಸದ್ದು ನಡುವೆಯೇ ಕಡಿದುಹೋಗುತ್ತದೆ. ಬಟ್ಟೆ ಒಣಗುವ ಮೊದಲೇ ಅಂಗಡಿ ಮಾಲೀಕ ಫಕೀರಪ್ಪ ಅವಸರಕ್ಕೆ ಯಂತ್ರದ ಬಾಗಿಲು ತೆಗೆಸಿದರೆಂದು ಎದುರು ಮನೆಯ ಗೌರಾಬಾಯಿಗೆ ತಿಳಿಯುತ್ತದೆ.

ಹನ್ನೊಂದು ವರ್ಷದಿಂದ ಅವಳ ಕೆಲಸ ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅರೆ ಒಣಗಿದ ಸೀರೆಗಳನ್ನು ಅಲ್ಲಿ ತೂಗುಹಾಕುತ್ತಾರೆ. ಧೂಳು ಬರಬಾರದೆಂದು ಕಿಟಕಿ ಮುಚ್ಚಿರುತ್ತದೆ. ಗೌರಾಬಾಯಿ ಪ್ರತಿ ಮಡಿಕೆಗೂ ಮುಖವಿಟ್ಟು ಮೂಸಿ, ರಾಸಾಯನಿಕದ ಸಿಹಿ ವಾಸನೆ ಹೋಗಿದೆಯೋ ಇಲ್ಲವೋ ಹೇಳಬೇಕು. ಮಧ್ಯಾಹ್ನದ ರೊಟ್ಟಿಯೂ ಆ ಸೀರೆಗಳ ಕೆಳಗೇ.

"ಮಷೀನ್ ಸುಳ್ಳ ಹೇಳಬಹುದು, ಗೌರಾಬಾಯಿ ಮೂಗು ಹೇಳೂದಿಲ್ರಿ," ಎಂದು ಫಕೀರಪ್ಪ ಗಿರಾಕಿಗಳ ಮುಂದೆ ಹೊಗಳಿದರೆ ಅವಳು ತಲೆ ತಗ್ಗಿಸಿ ನಗುತ್ತಿದ್ದಳು.

ಈ ಬೇಸಿಗೆಯಲ್ಲಿ ರೊಟ್ಟಿ ಕಂಡರೆ ವಾಕರಿಕೆ ಬರತೊಡಗಿತು. ಒಂದು ಬೆಳಿಗ್ಗೆ ಕಣ್ಣಿನ ಬಿಳಿ ಅರಿಸಿನ ಕಲಸಿದ ನೀರಿನಂತಿತ್ತು. ಅವಳು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು.

ಬೆಳಗಾವಿ ಕಡೆಯ ಡಾಕ್ಟರ್ ಜ್ಯೋತ್ಸ್ನಾ ರಕ್ತ ಪರೀಕ್ಷೆ ಮಾಡಿಸಿದರು.

"ಕುಡೀತೀರೇನ್ರಿ?"

"ಚಾ ಕುಡೀತೀನ್ರಿ."

ಡಾಕ್ಟರ್ ನಗಲಿಲ್ಲ. ಸೋಂಕೇನೂ ಇರಲಿಲ್ಲ, ಆದರೂ ಲಿವರ್ ಬಾತಿತ್ತು. ಮೂರು ವಾರ ಮನೆಯಲ್ಲೇ ಇರಲು ಹೇಳಿದರು.

"ಮನ್ಯಾಗಿನವರನ್ನ ಯಾರನ್ನರ ಕಳಸ್ರಿ, ಇಲ್ಲಂದ್ರ ಬ್ಯಾರೆಯವರನ್ನ ಇಟ್ಕೋಬೇಕಾಗ್ತದ," ಎಂದರು ಫಕೀರಪ್ಪ. ಗೌರಾಬಾಯಿ ಹತ್ತೊಂಬತ್ತರ ಮಗಳು ಸಪ್ನಾಳನ್ನು ಕಳಿಸಿದಳು.

ಸಂಜೆ ಮಗಳು ಪಕ್ಕದಲ್ಲಿ ಕುಳಿತರೆ ಅವಳ ಕೂದಲಿನಿಂದ ಅದೇ ವಾಸನೆ. "ನನ್ನ ಮೂಗು ನಿನಗಿಂತ ಚುರುಕ ಅಂತವ್ವಾ. ಇನ್ನ ನಿನ್ನ ಯಾರೂ ಕೇಳೂದಿಲ್ಲ ನೋಡು," ಎಂದು ಛೇಡಿಸುತ್ತಿದ್ದಳು. ಆಮೇಲೆ ಹಣೆ ಒತ್ತಿಕೊಂಡು, "ತಲಿ ಮಾತ್ರ ಭಾಳ ತಿರಗತದ," ಎನ್ನುತ್ತಿದ್ದಳು.

ಮೂರು ವಾರದ ನಂತರದ ವರದಿ ಓದಿ ಡಾಕ್ಟರ್ ಹುಬ್ಬೇರಿಸಿದರು. ಲಿವರ್ ಸುಧಾರಿಸಿತ್ತು.

"ನಾ ಏನೂ ಔಷಧ ಕೊಟ್ಟಿಲ್ಲ. ಮನ್ಯಾಗ ಇದ್ದಿದ್ದಕ್ಕ ಕಡಿಮಿ ಆಗೇದ. ಎಂಥಾ ಕೆಲಸರಿ ನಿಮ್ದು?"

ಗೌರಾಬಾಯಿ ಹೇಳಿದಳು. ಮುಚ್ಚಿದ ಕಿಟಕಿ, ಸೀರೆಯ ಮಡಿಕೆ, ಮೂಸುವುದು, ಎಲ್ಲವನ್ನೂ. ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಆ ಕೆಮಿಕಲ್ ಉಸಿರಿನಾಗ ಹೋಗಿ ಲಿವರ್ ತಿಂತದ್ರಿ. ಆ ಖೋಲ್ಯಾಗ ಇನ್ನ ಕಾಲ ಇಡಬ್ಯಾಡ್ರಿ. ನೀವು ಹೋಗದಿದ್ರ ಉಳೀತೀರಿ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಸಪ್ನಾ ಅಂಗಡಿಗೆ ಹೋಗಿ ಮೂರು ತಾಸಾಗಿತ್ತು.

"ನಾ ಹೋಗಿಲ್ರಿ," ಎಂದಳು ಗೌರಾಬಾಯಿ. "ಮೂರು ವಾರ ನಾ ಮನ್ಯಾಗ ಮಕ್ಕೊಂಡಿದ್ದೆ. ನನ್ನ ಜಾಗಾಕ್ಕ ನಾನ ಕಳಿಸೀನ್ರಿ, ನನ್ನ..."

ಯಾರನ್ನು ಎಂದು ಡಾಕ್ಟರ್ ಕೇಳುವ ಮೊದಲೇ ಅವಳು ಎದ್ದು ಬಾಗಿಲು ದಾಟಿದ್ದಳು.