ಹನ್ನೊಂದು ಅಂಚುಗಳ ರೇಣವ್ವ

ಗಜೇಂದ್ರಗಡದ ಗುಡ್ಡದ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ನೇಕಾರರ ಓಣಿಯಲ್ಲಿ ರೇಣವ್ವ ಹೊಸ್ತಿಲ ಒಳಗೆ ಕಾಲು ಚಾಚಿ ಕೂತು, ಮೊಳದುದ್ದದ ಕಟ್ಟಿಗೆಯ ಪಟ್ಟಿಯೊಂದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದಾಳೆ. ಪಟ್ಟಿಗೆ ಹದಿನಾರು ತೂತು. ಮಡಿಲಲ್ಲಿ ಒಂದು ಬೊಗಸೆ ಸಣ್ಣ ಗೂಟಗಳು. "ಹಾಕು, ಹಾಕು, ಬಿಡು, ಹಾಕು, ಬಿಡು" ಎಂದು ಗುನುಗುತ್ತ ಕೆಲವು ತೂತಿಗೆ ಗೂಟ ಒತ್ತುತ್ತಾಳೆ, ಕೆಲವನ್ನು ಹಾಗೇ ಬಿಡುತ್ತಾಳೆ. ಈ ಹೊತ್ತಿನಲ್ಲಿ ಅವಳನ್ನು ಮಾತಾಡಿಸಿದಿರೋ, ಕೆಟ್ಟಿರಿ! ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದಲೇ ಹಾಕಬೇಕು.

ಇಂಥ ಪಟ್ಟಿಗಳನ್ನು ಸರಪಳಿಯಂತೆ ಕಟ್ಟಿ ಮಗ್ಗದ ತಲೆಯ ಮೇಲೆ ತೂಗುಬಿಡುತ್ತಾರೆ. ಗೂಟ ಇದ್ದಲ್ಲಿ ನೂಲು ಮೇಲೇಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಸೀರೆಯ ಅಂಚಿನ ಚಿತ್ತಾರವೆಲ್ಲ ಇಷ್ಟರಲ್ಲೇ ಅಡಗಿದೆ. ಒಂದೊಂದು ಅಂಚಿಗೆ ಇಪ್ಪತ್ತರಿಂದ ನಲವತ್ತು ಪಟ್ಟಿ. ರೇಣವ್ವನಿಗೆ ಹನ್ನೊಂದು ಅಂಚು ಬಾಯಿಪಾಠ, ಅಂದರೆ ಐದು ಸಾವಿರದ ಸನಿಹ ‘ಹಾಕು–ಬಿಡು’. ಅವಳಿಗೆ ಅಕ್ಷರ ಮಾತ್ರ ಒಂದೂ ಬಾರದು. ಓಣಿಯ ಮೂವತ್ತೆರಡು ಮಗ್ಗಗಳಿಗೆ ಅವಳೇ ಗೂಟ ಹಾಕಿಕೊಡಬೇಕು. ಅಂಚು ಬದಲಾಯಿತೆಂದರೆ ಹಳೆಯ ಗೂಟ ಕಿತ್ತು ಅದೇ ಪಟ್ಟಿಗೆ ಹೊಸ ಅಂಚು ಕೂರಿಸುತ್ತಾರೆ. ಹಾಗಾಗಿ ಮಗ್ಗದ ಮೇಲಿಲ್ಲದ ಅಂಚುಗಳು ಅವಳ ತಲೆಯೊಳಗಲ್ಲದೆ ಬೇರೆಲ್ಲೂ ಇಲ್ಲ.

ಪಕ್ಕದ ಸೂಡಿಯಿಂದ ಹದಿನಾಲ್ಕರ ಸೊಸೆಯಾಗಿ ಬಂದವಳಿಗೆ ಅತ್ತೆ ಮುದುಕವ್ವ ವರ್ಷಕ್ಕೊಂದರಂತೆ ಅಂಚು ಹೇಳಿಕೊಟ್ಟಳು. ಅತ್ತೆಯಿಂದ ಸೊಸೆಗೆ, ಬಾಯಿಂದ ಕಿವಿಗೆ, ಇದು ಆ ಮನೆಯ ಪದ್ಧತಿ. ಆದರೆ ಈಗಿನ ಸೊಸೆ ಸಿದ್ದವ್ವನಿಗೆ ಕೇಳಿದ್ದು ಕೈಗೆ ಇಳಿಯಲೊಲ್ಲದು. ಮಗ್ಗದ ಮೇಲೆ ಕೂತರೆ ಅವಳಿಗೆ ಸಾಟಿಯಿಲ್ಲ, ನಾಲ್ಕನೇ ಇಯತ್ತೆ ಓದಿಯೂ ಇದ್ದಾಳೆ. ಅತ್ತೆಯ ಗುನುಗು ಶುರುವಾದರೆ ಮಾತ್ರ ತೂಕಡಿಸುತ್ತಾಳೆ.

ಹೋದ ಶ್ರಾವಣದವರೆಗೆ ರೇಣವ್ವನ ಬಳಿ ಹನ್ನೆರಡು ಅಂಚು ಇದ್ದವು. ಒಂದು ಮುಂಜಾನೆ ಬಾಳೆಗೊನೆ ಅಂಚು ಹಾಕುತ್ತ ಒಂಬತ್ತನೇ ಪಟ್ಟಿಯಲ್ಲಿ ನಿಂತಳು. ಮೊದಲಿನಿಂದ ಬಂದಳು, ಮತ್ತೆ ಅಲ್ಲೇ ನಿಂತಳು. ಎಂಟು ದಿನ ಊಟ ರುಚಿಸಲಿಲ್ಲ. ಅದು ಇವತ್ತಿಗೂ ಮರಳಿ ಬಂದಿಲ್ಲ.

"ಸತ್ತವರಿಗೆ ಅಳಬಹುದ್ರಿ. ಮರತದ್ದಕ್ಕ ಹ್ಯಾಂಗ ಅಳೂದು?" ಎನ್ನುತ್ತಾಳೆ. "ಇವತ್ತ ಒಂದ ಹೋತು. ನಾಳಿ ಎರಡ. ಸತ್ತ ಮ್ಯಾಲ ನಮ್ಮತ್ತಿಗೆ ನಾ ಏನಂತ ಮಾರಿ ತೋರಸ್ಲಿ?"

ಇಲ್ಲಿಗೆ ಬಂದು ನಿಲ್ಲುತ್ತದೆ ಊರಿನ ಹೈಸ್ಕೂಲಿನ ಗಣಿತ ಕೂಟ. ಏಳು ಮಂದಿ ಹುಡುಗರು, ಒಬ್ಬಳೇ ಹುಡುಗಿ ಗಂಗಾಬಾಯಿ, ಮೇಲೆ ಅನಂತ ಮಾಸ್ತರು. ಟಾರ್ಚಿನ ಶೆಲ್ಲು, ಬಲ್ಬು, ತಗಡಿನ ಚೂರು ಸೇರಿಸಿ ಎರಡಕ್ಕೆ ಒಂದು ಕೂಡಿಸುವ ಹಲಗೆಯೊಂದನ್ನು ಇವರು ಮಾಡಿದ್ದಾರೆ. ಮೂರಕ್ಕೆ ಮೂರು ಕೂಡಿಸಲು ಹೋದರೆ ಹೊಗೆ ಬರುತ್ತದೆ, ಅದು ಬೇರೆ ಮಾತು. ಕಲ್ಕತ್ತೆಗೆ ಲೆಕ್ಕ ಮಾಡುವ ದೊಡ್ಡ ಯಂತ್ರ ಬಂದಿದೆಯೆಂದು ಪತ್ರಿಕೆಯಲ್ಲಿ ಓದಿದ ದಿನ ಕೂಟದಲ್ಲಿ ಒಂದೇ ಗಲಾಟೆ. ಅಂಥ ಯಂತ್ರಕ್ಕೆ ಎಲ್ಲವೂ ಒಂದು ಮತ್ತು ಸೊನ್ನೆ ಎಂದು ಮಾಸ್ತರು ವಿವರಿಸಿದರು. ಅದನ್ನು ನೋಡಲೇಬೇಕು ಎಂದು ಹುಡುಗರು ಹಟ ಹಿಡಿದರು.

"ಬೆಣ್ಣಿ ಕೈಯಾಗ ಇಟಗೊಂಡು ತುಪ್ಪಕ್ಕ ಯಾಕ ಅಲೀತೀರಿ?" ಎಂದರು ಮಾಸ್ತರು. "ನಡೀರಿ, ರೇಣವ್ವನ ಮನಿಗೆ."

ಬಂದವರು ಪಟ್ಟಿ ನೋಡಿ ಬೆರಗಾದರು. ಗೂಟ ಒಂದು, ಖಾಲಿ ಸೊನ್ನೆ! ಕೂಟದ ಕುತೂಹಲಕ್ಕೂ ರೇಣವ್ವನ ಸಂಕಟಕ್ಕೂ ಅಂದೇ ಗಂಟು ಬಿತ್ತು. ಅವಳು ಹೇಳಬೇಕು, ಇವರು ಚೌಕಳಿ ಕಾಗದದಲ್ಲಿ ಬರೆದುಕೊಳ್ಳಬೇಕು. ಮೂರು ತಿಂಗಳ ಆದಿತ್ಯವಾರಗಳೆಲ್ಲ ಅದಕ್ಕೇ ಮುಡಿಪಾದವು. ರೇಣವ್ವನಿಗೆ ಎದುರಾಗಿ ಗಂಗಾಬಾಯಿ ಕೂತು ಹನ್ನೊಂದು ಅಂಚನ್ನೂ ಬರೆದು ಮುಗಿಸಿದಳು.

ಕಾಗದ ನಂಬಬಹುದೋ ಇಲ್ಲವೋ, ಪರೀಕ್ಷೆ ಆಗಬೇಕಲ್ಲ? ಮೊನ್ನೆ ಸಿದ್ದವ್ವ ಅತ್ತೆಯನ್ನು ಒಂದು ಮಾತೂ ಕೇಳದೆ ಕಾಗದ ನೋಡಿಯೇ ಜೋಳದ ತೆನೆಯ ಅಂಚಿಗೆ ಗೂಟ ಹಾಕಿ ಒಂದು ಗೇಣು ನೇಯ್ದಳು. ರೇಣವ್ವ ಅಂಚಿನ ಮೇಲೆ ಬೆರಳಾಡಿಸಿದವಳು ಅಲ್ಲೇ ಕೂತು ಹಣೆ ಬಡಿದುಕೊಂಡಳು.

"ತೆನಿ ಸೀರಿ ಕಡೆ ಮಾರಿ ಮಾಡ್ಯಾವಲ್ಲ! ಹೊರಗ ನೋಡಬೇಕಿತ್ತು. ಯವ್ವಾ, ನನ್ನ ತಲಿನ ತಿರಗೇತೇನು? ಎಲ್ಲಾ ಉಲ್ಟಾ ಹೇಳೀನೇನು?"

ಮಾಸ್ತರು ಹಾಳೆಗಳನ್ನು ತಿರುವಿ ಹಾಕಿದರು. ಹನ್ನೊಂದೂ ಹೋದವೇ? ಗಂಗಾಬಾಯಿಗೆ ಅಳುವೇ ಬಂತು. ಆದರೆ ಹಟದ ಹುಡುಗಿ, ರೇಣವ್ವನ ಪಕ್ಕಕ್ಕೆ ಬಂದು ಕೂತು, "ಆಯಿ, ಇನ್ನೊಮ್ಮೆ ಹಾಕಿ ತೋರಸ್ರಿ" ಎಂದಳು. ರೇಣವ್ವನ ಕೈ ಪಟ್ಟಿಯ ಬಲತುದಿಗೆ ಹೋಯಿತು.

"ಅಯ್ಯ! ಬಲಗಡೆಯಿಂದ ಹಾಕ್ತೀರೇನು?"

"ಮತ್ತ? ಉಣ್ಣೂ ಕೈ ಬಿಟ್ಟು ಎಡಗಡೆಯಿಂದ ಯಾರ ಹಾಕತಾರ?"

ಸಂಗತಿ ಇಷ್ಟೇ. ಎದುರಿಗೆ ಕೂತವಳಿಗೆ ರೇಣವ್ವನ ಬಲವೇ ಎಡ. ಎಡದಿಂದ ಬಲಕ್ಕೆ ಬರೆಯುವುದು ಗಂಗಾಬಾಯಿಗೆ ರೂಢಿ, ಆದ್ದರಿಂದ ಅನುಮಾನವೇ ಬರಲಿಲ್ಲ. ಸಿದ್ದವ್ವನೂ ಓದಿದವಳೇ, ಎಡದಿಂದಲೇ ಗೂಟ ಹಾಕಿದ್ದಾಳೆ. ಅಕ್ಷರ ಬಾರದ ರೇಣವ್ವನದು ಒಂದೂ ತಪ್ಪಿರಲಿಲ್ಲ. ತಪ್ಪೆಲ್ಲ ಓದು ಬಂದವರದು.

"ನಿಮ್ಮ ತಲಿ ಸರಿ ಅದರೀ ರೇಣವ್ವ, ತಿರಗಿದ್ದು ನಮ್ಮದು" ಎಂದು ಮಾಸ್ತರು ಕೈ ಮುಗಿದರು. ಗೂಟವನ್ನು ಪಟ್ಟಿಯ ಬಲತುದಿಯಿಂದ ಹಾಕಬೇಕೆಂದು ಪ್ರತಿ ಹಾಳೆಯ ತಲೆಗೆ ಬಲದಿಂದ ಎಡಕ್ಕೆ ಬಾಣದ ಗುರುತು ಬಿತ್ತು.

ಇಂದು ಮುಂಜಾನೆ ಮರುಪರೀಕ್ಷೆ. ಬೆಳಿಗ್ಗೆಯ ಗೂಟದ ಕೆಲಸ ಮುಗಿಸಿದ ರೇಣವ್ವ ಈಗ ಮಗ್ಗದ ಬಳಿ ನಿಂತಿದ್ದಾಳೆ. ಸಿದ್ದವ್ವ ಬಾಣ ಹಿಡಿದು ಗೂಟ ಹಾಕಿ ನೇಯುತ್ತಾಳೆ. ಗೇಣುದ್ದ ಬಂದ ಮೇಲೆ ರೇಣವ್ವ ಕಣ್ಣು ಮುಚ್ಚಿ ಬೆರಳಾಡಿಸುತ್ತಾಳೆ, ಒಂದು ಸಲ, ಎರಡು ಸಲ.

"ಖರೇನ ಹೊರಗ ನೋಡಾಕತ್ತಾವು" ಎನ್ನುವಾಗ ಅವಳ ಕಣ್ಣಲ್ಲಿ ನೀರು. ಸೊಸೆಯ ತಲೆ ನೇವರಿಸಿ, "ಭಾಳ ಚಲೋ ಆತವ್ವ" ಎನ್ನುತ್ತಾಳೆ.

ಉಳಿದ ಹತ್ತನ್ನೂ ಹೀಗೇ ನೇಯ್ದು ನೋಡೋಣವೆಂದು ಗಂಗಾಬಾಯಿ ಹಾಳೆಗಳನ್ನು ಜೋಡಿಸುತ್ತಿದ್ದಾಳೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ರೇಣವ್ವ ಸೆರಗಿನಿಂದ ಮೂಗು ಒರೆಸಿಕೊಂಡು ನಗುತ್ತಾಳೆ.

"ನಲವತ್ತ ವರ್ಷ ನಂದೂ ಅಂತ ಒಂದ ಅಂಚ ಕಟ್ಟಲಿಲ್ಲರಿ. ಹೊಸಾದ ಒಳಗ ಬಂದ್ರ ಹಳೇದ ಹೊರಗ ಹೋದೀತಂತ ಅಂಜಿಕಿ. ಇನ್ನ ನಾ ಮರತರೂ ನಡೀತೈತಿ." ಗಂಗಾಬಾಯಿಯ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾಳೆ. "ತಂಗೀ, ಅವನ್ನ ಆಮ್ಯಾಲ ನೋಡೂಣು. ಹೊಸಾ ಹಾಳಿ ತಗಿ."