ಎಮ್ಮೆ ಕೊಟ್ಟಿಗೆಯಲ್ಲಿ, ಫೋನು ಕಟ್ಟೆಯ ಮೇಲೆ

ಕಳೆದ ಭಾನುವಾರ ಮಟಮಟ ಮಧ್ಯಾಹ್ನ ನಾನು ಮೊಬೈಲನ್ನು ತಲೆಯ ಮೇಲೆತ್ತಿ ಹಿಡಿದು ಅಬಲೂರಿನ ಓಣಿಯಲ್ಲಿ ಓಡುತ್ತಿದ್ದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನ ಹಿಂದೆ ಅಕ್ಕನ ಗಂಡ, ಅಂದರೆ ನಮ್ಮ ಮಾಮಾ. ಅವರ ಹಿಂದೆ ಓಣಿಯ ನಾಯಿಗಳು. (ನಗಬೇಡಿ. ನೀವಾಗಿದ್ದರೂ ಓಡುತ್ತಿದ್ದಿರಿ.)

ವಿಷಯ ಅಕ್ಕನ ಎಮ್ಮೆಯದು. ಹೆಸರು ಗಂಗಿ. ಕರುವಾಗಿದ್ದಾಗಿನಿಂದ ಅಕ್ಕನೇ ಸಾಕಿದ್ದು, ಈಗ ಚೊಚ್ಚಲ ಈತ. ಬೆಳಗಿನಿಂದ ಬೇನೆ ತಿನ್ನುತ್ತಿತ್ತು. ಹೊರಗೆ ಕಂಡದ್ದು ಒಂದೇ ಗೊರಸು, ಕರುವಿನ ಮೂತಿ. ಇನ್ನೊಂದು ಕಾಲಿನ ಸುಳಿವಿಲ್ಲ. ಹಬ್ಬದ ಊಟಕ್ಕೆಂದು ಹಿರೇಕೆರೂರಿನಿಂದ ಹೋದ ನಾನು ತಟ್ಟೆಯ ಮುಂದೆ ಕೂರುವುದೂ ಆಗಲಿಲ್ಲ.

ದನದ ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಮಾಸೂರಿನ ಆಚೆ ಇನ್ನೊಂದು ಕೇಸಿನಲ್ಲಿದ್ದರು.

"ನಾ ಬರೂದು ತಡಾ ಆಕ್ಕೈತ್ರಿ. ವಿಡಿಯೊ ಹಚ್ಚರಿ, ನೋಡಿ ಹೇಳ್ತೇನಿ. ಅಲ್ಲೀತನಕ ಯಾರೂ ಎಳೀಬ್ಯಾಡ್ರಿ!"

ಆ ಹೊತ್ತಿಗೇ ನನ್ನ ಮೊಬೈಲ್ ಹ್ಯಾಂಗ್ ಆಗಬೇಕೆ? ಆಫ್ ಮಾಡಿ ಆನ್ ಮಾಡಿದೆ. ಸಿಗ್ನಲ್ ಕಡ್ಡಿ ಒಂದೂ ಇಲ್ಲ. ಮಾಮಾನ ಫೋನು ಗುಂಡಿ ಒತ್ತುವಂಥದ್ದು, ಅದರಲ್ಲಿ ಎಮ್ಮೆಯನ್ನು ತೋರಿಸುವುದು ಹೇಗೆ?

"ಗುಡಿ ಕಟ್ಟಿಗೆ ನಡೀ!" ಅಂದರು ಮಾಮಾ. ಓಡಿದೆವು.

ಕಟ್ಟೆಯ ಕಥೆ ನಿಮಗೆ ಗೊತ್ತಿರಲಿ. ಹಳೆಯ ಟವರಿನ ಕಾಲದಲ್ಲಿ ಅವರ ಓಣಿಗೆಲ್ಲ ಸಿಗ್ನಲ್ ಸಿಗುತ್ತಿದ್ದದ್ದು ಕಲ್ಲಿನ ಗುಡಿಯ ಹಿಂದಿನ ಕಟ್ಟೆಯ ಮೇಲೆ ಮಾತ್ರ. ಮದುವೆ ಮಾತುಕತೆ, ಅತ್ತೆ-ಸೊಸೆ ಜಗಳ, ಸಾವಿನ ಸುದ್ದಿ ಎಲ್ಲವೂ ಅಲ್ಲೇ. ಈಗ ಊರಿನ ಇನ್ನೊಂದು ಬದಿಗೆ ಹೊಸ 5ಜಿ ಟವರ್ ಬಂದಿದೆ. ಆದರೇನು? ಸಿಗ್ನಲ್ ಹೋಯಿತೋ, ಕಾಲು ತಾನಾಗಿಯೇ ಕಟ್ಟೆಗೆ ಹೋಗುತ್ತದೆ. ಹೊಸ ಟವರಿಗೂ ಆ ಕಟ್ಟೆಗೂ ನಡುವೆ ಇಡೀ ಗುಡಿ ನಿಂತಿದೆ ಅನ್ನುವುದು ಯಾರ ತಲೆಗೂ ಹೊಳೆಯುವುದಿಲ್ಲ.

ನನ್ನ ತಲೆಗಾದರೂ ಹೊಳೆಯಬೇಕಿತ್ತು. ಏಕೆಂದರೆ, ಹೇಳಲು ನಾಚಿಕೆ, ನಾನು ಡಿಪ್ಲೊಮಾ ಮಕ್ಕಳಿಗೆ ಇದೇ ಪಾಠ ಮಾಡುವವನು.

ಪಾಠ ಸುಲಭದ್ದು. ನಮ್ಮ ಓಣಿಗಳಲ್ಲಿ ಬಳೆಗಾರ ಬರುತ್ತಾನಲ್ಲ, ಅವನು ಊರ ನಡುವೆ ನಿಂತು ಎಲ್ಲರಿಗೂ ಒಮ್ಮೆಲೇ ಕೂಗುವುದಿಲ್ಲ. ಒಂದೊಂದೇ ಓಣಿಯ ಬಾಯಿಗೆ ಬಂದು ಕೂಗುತ್ತಾನೆ. ಹೊಸ ಟವರೂ ಹಾಗೆಯೇ. ಬಲ್ಬಿನಂತೆ ಸುತ್ತಲೂ ಬೆಳಗದೆ, ಬ್ಯಾಟರಿ ಲೈಟು ಬಿಟ್ಟಂತೆ ಒಂದೊಂದು ದಿಕ್ಕಿಗೆ ಸಣ್ಣ ಬೀಮ್, ಅಂದರೆ ಸಿಗ್ನಲ್ಲಿನ ಕೋಲು, ಬಿಡುತ್ತದೆ. ಆಗಷ್ಟೇ ಎಚ್ಚರಾದ ಫೋನು ಕಿವಿಗೊಟ್ಟು ಕೇಳಿ, ಯಾವ ಬೀಮ್ ಚೆನ್ನಾಗಿ ಬಂತೋ ಅದರ ಸರದಿಯಲ್ಲೇ "ಓ" ಅನ್ನಬೇಕು. ಆಗ ಟವರಿಗೆ ಇವನು ಯಾವ ದಿಕ್ಕಿನಲ್ಲಿದ್ದಾನೆ ಅನ್ನುವುದು ತಿಳಿಯುತ್ತದೆ, ಸಂಬಂಧ ಕುದುರುತ್ತದೆ. ಟವರಿನ ಸುತ್ತು ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆದರೆ ಫೋನಿಗೆ ಹುಡುಕಲು ಕೊಂಚ ಪುರುಸೊತ್ತು ಬೇಕು, ನಡುವೆ ಕಲ್ಲಿನ ಗೋಡೆ ಇರಬಾರದು.

ನಾನೇನು ಮಾಡಿದೆ? ಗುಡಿಯ ಮರೆಗೆ ಹೋಗಿ ನಿಂತೆ. ಫೋನು ಪಾಪ, ಹುಡುಕಲು ಶುರು ಮಾಡುವಷ್ಟರಲ್ಲಿ ಮತ್ತೆ ಆಫ್, ಮತ್ತೆ ಆನ್. ಎಡಕ್ಕೆ ಬೀಸಿದೆ, ಬಲಕ್ಕೆ ಬೀಸಿದೆ. ಮಾಮಾ ಕಸಿದುಕೊಂಡು ಕಟ್ಟೆಯ ತುದಿಗೇರಿದರು. ಎಮ್ಮೆ ಅಲ್ಲಿ ಸಾಯುತ್ತಿದೆ, ನಾವಿಲ್ಲಿ ಆರತಿ ಎತ್ತುತ್ತಿದ್ದೇವೆ!

ಆಗ ಕೇಳಿಸಿತು ಅಕ್ಕನ ದನಿ. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಓಣಿಯ ತುದಿಗೆ ಬಂದಿದ್ದಳು.

"ಏ ತಮ್ಮಾ! ಎಮ್ಮಿ ಅಲ್ಲಿ ಒದ್ದಾಡಾಕತ್ತೈತಿ, ನೀವಿಬ್ರೂ ಇಲ್ಲಿ ನಿಂತು ಡಾಕ್ಟರಿಗೆ ಯಾರನ್ನ ತೋರಸ್ತೀರಿ? ನಿಮ್ಮ ಮಾಮಾನ್ನೇನು?"

ಅಯ್ಯೋ ದೇವರೇ! ವಿಡಿಯೊದಲ್ಲಿ ಕಾಣಬೇಕಾದದ್ದು ಎಮ್ಮೆ. ಫೋನನ್ನು ಕಟ್ಟೆಗೆ ತಂದು ಮಾಡುವುದೇನು?

ವಾಪಸ್ ಓಡಿದೆವು. ಕೊಟ್ಟಿಗೆಯ ಒಳಗೆ ತಗಡಿನ ಚಾವಣಿ, ಅಲ್ಲಿ ಆಗದ ಮಾತು. ಬಾಗಿಲಲ್ಲಿ ನಿಂತು ತಲೆ ಎತ್ತಿದೆ. ಎದುರಿಗೇ ಹೊಸ ಟವರ್, ನಡುವೆ ಒಂದು ಬೇವಿನ ಟೊಂಗೆಯೂ ಇಲ್ಲ! ಫೋನನ್ನು ಹೊಸ್ತಿಲ ಪಕ್ಕದ ಕಲ್ಲಿನ ಮೇಲಿಟ್ಟೆ. ಮಾಮಾ ಕೈ ಹಾಕಲು ಬಂದರು. "ಮುಟ್ಟಬ್ಯಾಡ್ರಿ!" ಅಂತ ಚೀರಿದೆ. ಅಷ್ಟು ಹೊತ್ತು ಒಂದು ಡಬ್ಬಿಯನ್ನು ನೋಡುತ್ತಾ ಉಸಿರು ಹಿಡಿದು ಕುಳಿತದ್ದು ಜನ್ಮದಲ್ಲೇ ಇಲ್ಲ.

ಒಂದು ಕಡ್ಡಿ ಬಂತು. ಆಮೇಲೆ ಪೂರ್ತಿ ಬಂತು. ಡಾಕ್ಟರಿಗೆ ವಿಡಿಯೊ ಹಚ್ಚಿದೆ.

ಅಕ್ಕ ಮೈದಡವುತ್ತಾ ಗಂಗಿಯ ಹಿಂಭಾಗವನ್ನು ಬಾಗಿಲ ಕಡೆ ತಿರುಗಿಸಿದಳು. ಡಾಕ್ಟರು ನೋಡಿದವರೇ, "ಒಂದು ಕಾಲು ಹಿಂದಕ್ಕ ಮಡಚೈತ್ರಿ. ಅಕ್ಕಾರ, ಸಾಬೂನು ಹಚ್ಚಿ ಕೈ ತೊಳಕೋರಿ. ಬ್ಯಾನಿ ನಿಂತಾಗ ಕರಾನ ಸಾವಕಾಶ ಒಳಗ ನೂಕ್ರಿ. ಗೊರಸು ಅಂಗೈಯಾಗ ಹಿಡಕೊಂಡು ಕಾಲು ಮುಂದ ತರ್ರಿ. ಅವಸರ ಬ್ಯಾಡ" ಅಂದರು.

ಅಕ್ಕನ ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು. "ಸಿಕ್ತು... ಬಂತ್ರಿ, ಬಂತು!" ಅಂದಳು. ಮುಂದಿನ ಬೇನೆಗೆ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಮಿಸುಕಾಡಲಿಲ್ಲ. ಅಕ್ಕ ಅದರ ಮೂಗು ಒರೆಸಿ, ಹುಲ್ಲಿನಿಂದ ಎದೆ ತಿಕ್ಕಿದಳು. ಆಮೇಲೆ ಒಂದು ಸೀನು! ಕರುವಿನದು ರೀ, ಮಾಮಾನದಲ್ಲ.

ಅಕ್ಕ ಅಲ್ಲೇ ಕುಸಿದು ಕುಳಿತು ಅತ್ತಳು. ನನ್ನ ಕಣ್ಣೂ ತುಂಬಿತು. ಎದೆಯ ಮೇಲಿನ ಕಲ್ಲು ಇಳಿಯುವುದು ಅಂದರೇನೆಂದು ಅವತ್ತು ಗೊತ್ತಾಯಿತು.

ಸ್ವಲ್ಪ ಹೊತ್ತಿಗೆ ಕರು ತಡವರಿಸುತ್ತಾ ಎದ್ದಿತು. ಕೆಚ್ಚಲು ಹುಡುಕುತ್ತಾ ಗಂಗಿಯ ಮುಂಗಾಲಿಗೆ ಮೂತಿ ಇಟ್ಟಿತು, ಗೋದಲಿಗೆ ಇಟ್ಟಿತು, ಮಾಮಾನ ಧೋತರಕ್ಕೂ ಇಟ್ಟಿತು. ಗಂಗಿ ಮಾತ್ರ ನಿಂತಲ್ಲಿಂದ ಕದಲಲಿಲ್ಲ.

ಅವಳೂ ನಮ್ಮ ಹಾಗೆ ಓಡಾಡತೊಡಗಿದ್ದರೆ ಆ ಕರುವಿಗೆ ಹಾಲು ಸಿಗುತ್ತಿದ್ದದ್ದು ಯಾವಾಗ, ಹೇಳಿ?